ಬಣ್ಣ ಹೊಡೆದ ಹಳೆ ಸೀಲಿಂಗ್‌ಗೆ ಹೊಸ ಗಾರೆ ಹಿಡಿಯಲು ಏನು ಮಾಡಬೇಕು?

ಮಡಿಕೇರಿಯ ಹಳೆ ಆರ್‌ಸಿಸಿ ಮನೆಯ ಸೀಲಿಂಗ್ ಬಣ್ಣದ ಮೇಲೆಯೇ ಸಿಮೆಂಟ್ ಗಾರೆ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಗಾರೆ ಬಣ್ಣಕ್ಕೆ ಅಂಟಿಕೊಂಡರೂ, ಬಣ್ಣ ಕಾಂಕ್ರೀಟನ್ನು ಬಿಟ್ಟರೆ ಎರಡೂ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ.

ಮೊದಲು ಸೋರಿಕೆ ನಿಲ್ಲಿಸಿ. ಕೊಡಗಿನ ಮಳೆ ಕುಡಿದ ಸ್ಲ್ಯಾಬ್ ಬೇಗ ಒಣಗಲ್ಲ, ಜನವರಿವರೆಗೆ ಕಾಯುವುದೇ ಒಳ್ಳೆಯದು. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಹಳೆ ಗಾರೆ ಕಿತ್ತು ಹಾಕಿ. ತುಕ್ಕು ಹಿಡಿದ ಕಂಬಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಎಂಜಿನಿಯರ್‌ಗೆ ತೋರಿಸಿ.

ಡಿಸ್ಟೆಂಪರ್ ಆದರೆ ನೀರು ಹೊಡೆದು ಕೆರೆದರೆ ಸಾಕು, ಬರುತ್ತದೆ. ಎಣ್ಣೆ ಬಣ್ಣ ಹಠಮಾರಿ, ಉಳಿಯಿಂದಲೇ ತೆಗೆಸಬೇಕು. ಹಳೆ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಹಾಗಾಗಿ ಒಣ ಧೂಳು ಏಳದಂತೆ ಒದ್ದೆ ಮಾಡಿ, ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಕಾಂಕ್ರೀಟ್ ಕಂಡ ಮೇಲೆ ಗಾರೆ ಹಿಡಿಯಲೆಂದು ಉಳಿಯಿಂದ ಒತ್ತೊತ್ತಾಗಿ ಕಚ್ಚು (ಸಣ್ಣ ಗುಳಿ) ಹಾಕಿಸಿ, ಧೂಳು ತೊಳೆಯಿರಿ. ಮೇಲ್ಮೈ ತೇವ ಇರಲಿ, ನೀರು ತೊಟ್ಟಿಕ್ಕಬಾರದು. ಎಸ್‌ಬಿಆರ್ ಲೇಟೆಕ್ಸ್ (ಅಂಟು ಹೆಚ್ಚಿಸುವ, ಹಾಲಿನಂಥ ರಬ್ಬರ್ ದ್ರವ) ಬೆರೆಸಿದ ಸಿಮೆಂಟ್ ಹಾಲನ್ನು ಬ್ರಷ್‌ನಲ್ಲಿ ಬಳಿದು, ಅದು ಒಣಗುವ ಮೊದಲೇ ಗಾರೆ ಹಾಕಿ. ಸುಮಾರು 6 ಮಿ.ಮೀ. ದಪ್ಪ ಸಾಕು. ಜಾಸ್ತಿ ಆದರೆ ಭಾರಕ್ಕೇ ಕಳಚುತ್ತದೆ. 7 ದಿನವಾದರೂ ನೀರುಣಿಸಿ.