ಬುದ್ಧನ ವಿಗ್ರಹದ ತಳ ಬಿಚ್ಚಬಹುದಾ?

ಪ್ರಶ್ನೆ: ನೇಪಾಳ ಟೂರ್‌ಗೆ ಹೋದಾಗ ಪಾಟನ್‌ನಲ್ಲಿ ಸಣ್ಣದೊಂದು ತಾಮ್ರದ ಬುದ್ಧನ ವಿಗ್ರಹ ತಗೊಂಡ್ವಿ. ಬಲಗೈ ನೆಲ ಮುಟ್ಟಿದೆ, ತಳಕ್ಕೆ ತಗಡು ಬಡಿದು ಮುಚ್ಚಿದ್ದಾರೆ. ಯಾಕೆ ಸಾರ್? ಬಿಚ್ಚಿ ನೋಡ್ಲಾ?

ಉತ್ತರ: ಬೇಡ ಮಾರಾಯ್ರೇ, ಸ್ಕ್ರೂಡ್ರೈವರ್ ಕೆಳಗಿಡಿ! ಪ್ರಾಣಪ್ರತಿಷ್ಠೆ ಮಾಡಿದ ವಿಗ್ರಹ ಆದ್ರೆ ಒಳಗೆ ಮಂತ್ರ ಬರೆದ ಕಾಗದದ ಸುರುಳಿ, ಧೂಪದ ಪುಡಿ, ಕಾಳು ಎಲ್ಲಾ ತುಂಬಿ ತಗಡು ಮುಚ್ತಾರೆ, ತಗಡಿನ ಮೇಲೆ ಅಡ್ಡಡ್ಡ ಎರಡು ವಜ್ರಾಯುಧ ಕೆತ್ತಿರೋದೂ ಉಂಟು, ತಿರುಗಿಸಿ ನೋಡಿ. ನಮ್ಮ ಬೈಲಕುಪ್ಪೆ ಗೋಲ್ಡನ್ ಟೆಂಪಲ್‌ನ ದೊಡ್ಡ ವಿಗ್ರಹಗಳ ಹೊಟ್ಟೆಯಲ್ಲೂ ಗ್ರಂಥಗಳಿವೆ. ಅಂಗಡಿ ಮಾಲು ಖಾಲಿ ಇರೋ ಚಾನ್ಸೇ ಜಾಸ್ತಿ ಅನ್ನಿ.

ಕೈ ವಿಷ್ಯ: ಅದು ಭೂಮಿಸ್ಪರ್ಶ ಮುದ್ರೆ, ಬೋಧಗಯಾದಲ್ಲಿ ಧ್ಯಾನ ಕೆಡಿಸೋಕೆ ಮಾರ ಅನ್ನೋ ದುಷ್ಟಶಕ್ತಿ ಬಂದು ಕಾಡಿದಾಗ ಬುದ್ಧ ಭೂಮಿತಾಯಿನೇ ಸಾಕ್ಷಿಗೆ ಕರೆದದ್ದು. ಜೋತುಬಿದ್ದ ಕಿವಿ, ರಾಜಕುಮಾರನಾಗಿದ್ದಾಗ ಹಾಕ್ತಿದ್ದ ಭಾರದ ಓಲೆಗಳ ಗುರುತು.

ಪಾಟನ್‌ನ ನೇವಾರಿ (ಕಠ್ಮಂಡು ಕಣಿವೆಯ ಮೂಲ ಜನಾಂಗ) ಕುಶಲಕರ್ಮಿಗಳ ಕೆಲಸ ನೋಡಿದ್ರೆ ನೀವು ಕೊಟ್ಟ ದುಡ್ಡು ಕಮ್ಮಿ ಅನ್ಸುತ್ತೆ. ಮೊದಲು ಮೇಣದಲ್ಲಿ ವಿಗ್ರಹ, ಅದರ ಮೇಲೆ ಪದರ ಪದರವಾಗಿ ಸಗಣಿ, ಭತ್ತದ ಹೊಟ್ಟು ಕಲಸಿದ ಮಣ್ಣು ಮೆತ್ತಿ ಒಣಗಿಸಿ ಕಾಯಿಸ್ತಾರೆ, ಮೇಣ ಕರಗಿ ಹರಿದುಹೋದ ಜಾಗಕ್ಕೆ ಕಾದ ತಾಮ್ರ ಹೊಯ್ತಾರೆ, ಆಮೇಲೆ ಅಚ್ಚು ಒಡೀಲೇಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ವಿಗ್ರಹ. ಉಳಿ ಹಿಡಿದು ಚೀವರದ, ಅಂದ್ರೆ ಭಿಕ್ಷುಗಳು ಹೊದೆಯೋ ಬಟ್ಟೆಯ, ಸೀರೆ ಬಾರ್ಡರ್‌ನಂಥ ಅಂಚು ಕೆತ್ತೋದು ಇನ್ನೊಬ್ಬರು. ಹಳೇ ಪದ್ಧತಿ ಗಿಲೀಟಿಗೆ ಚಿನ್ನ, ಪಾದರಸ ಕಲಸಿ ಬಳಿದು ಬೆಂಕಿ ಹಿಡೀತಾರೆ, ಪಾದರಸ ಆವಿಯಾಗಿ ಚಿನ್ನ ಉಳಿಯುತ್ತೆ, ಆ ಆವಿ ಮಾತ್ರ ಪಕ್ಕಾ ವಿಷ. ಹುಣಸೆಹಣ್ಣು, ಪಿತಾಂಬರಿ ಹಾಕಿ ಉಜ್ಜಬೇಡಿ, ಒಣ ಬಟ್ಟೆ ಸಾಕು.