ಅಂಚಿನ ಗೆರೆ ದಪ್ಪ ಬರುತ್ತಿದ್ದರೆ

ನೀವು ಬಣ್ಣ ಹಚ್ಚುತ್ತಿರುವ ಪುಟ್ಟ ಯೋಧನ ಗೊಂಬೆಯ (ಮಿನಿಯೇಚರ್) ಕಡುನೀಲಿ ಕವಚದ ಅಂಚಿಗೆ ಎಳೆದ ಹೈಲೈಟ್, ಅಂದರೆ ಬೆಳಕು ಬಿದ್ದಂತೆ ಕಾಣಿಸುವ ತಿಳಿ ಗೆರೆ, ದಪ್ಪವಾಗಿ, ಸೀಮೆಸುಣ್ಣದ ಗೆರೆ ಥರ ಕಾಣುತ್ತಿದೆ ಎಂದಿದ್ದೀರಿ. ಅದಕ್ಕೆ ಇನ್ನೂ ಸಣ್ಣ ಬ್ರಷ್ ಹುಡುಕಬೇಡಿ. ತೀರಾ ಸಣ್ಣದರಲ್ಲಿ ಬಣ್ಣ ತುದಿಯಲ್ಲೇ ಒಣಗಿಬಿಡುತ್ತದೆ. ಚೂಪು ತುದಿಯ 1ನೇ ನಂಬರ್ ಸಾಕು. ಬಣ್ಣಕ್ಕೆ ಚೂರು ನೀರು ಬೆರೆಸಿ, ಬ್ರಷ್‌ನಲ್ಲಿ ಜಾಸ್ತಿ ಇರುವುದನ್ನು ಟಿಶ್ಯೂಗೆ ಒರೆಸಿ. ಆಮೇಲೆ ತುದಿಯಿಂದ ಗೆರೆ ಎಳೆಯಬೇಡಿ, ಬ್ರಷ್ ಕೂದಲಿನ ಪಕ್ಕವನ್ನು ಅಂಚಿಗೆ ತಾಗಿಸಿ ಸವರಿ. ಅಂಚು ತಾನಾಗೇ ಬಣ್ಣ ಹಿಡಿಯುತ್ತದೆ. ದಪ್ಪವಾದ ಕಡೆ ಮೂಲ ನೀಲಿಯಿಂದಲೇ ಒಳಗಿನಿಂದ ತಿದ್ದಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಸೀಮೆಸುಣ್ಣದ ಕಳೆ ಬರುವುದು ನೀಲಿಗೆ ಸುಮ್ನೆ ಬಿಳಿ ಬೆರೆಸಿದಾಗ, ಅಲ್ವಾ? ಬದಲಿಗೆ ಮೊದಲು ಮಧ್ಯಮ ನೀಲಿ ಗೆರೆ, ಮೇಲೆ ತಿಳಿ ಬೂದುನೀಲಿಯನ್ನು ಮೂಲೆಗಳಲ್ಲಿ ಮಾತ್ರ ಚುಕ್ಕೆಯಾಗಿ ಇಡಿ. ಗೊಂಬೆಯ ಶಿರಸ್ತ್ರಾಣದ ಕಣ್ಣಿನ ಗಾಜಿಗೆ ಕಿತ್ತಳೆ ಹಚ್ಚಿ ನೋಡಿ. ನೀಲಿಗೆ ಅದು ಎದುರು ಬಣ್ಣ, ಮುಖ ಎದ್ದು ಕಾಣುತ್ತದೆ.