ರೈಫಲ್ ಕೇಸು ಕತ್ತರಿಸಲು ಯಾವ ಟ್ರಿಮ್ಮರ್ ಕೊಳ್ಳಬೇಕು?

ಟೆಕ್ಸಾಸಿನಲ್ಲಿರುವ ತಮ್ಮ ಅಣ್ಣನವರು .308 ವಿಂಚೆಸ್ಟರ್ ಎಂಬ ರೈಫಲ್ ತೋಟೆಗಳ ಖಾಲಿ ಕೇಸುಗಳಿಗೆ (ಹಿತ್ತಾಳೆಯ ಕವಚಗಳಿಗೆ) ಮತ್ತೆ ಮದ್ದು, ಗುಂಡು ತುಂಬಿ ಬಳಸುತ್ತಾರೆ, ಅವರಿಗೆ ಕೇಸಿನ ಬಾಯನ್ನು ಕತ್ತರಿಸಿ ಉದ್ದ ಸರಿಪಡಿಸುವ ಟ್ರಿಮ್ಮರ್ ಯಾವುದನ್ನು ಕೊಡಿಸಲಿ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ. ನಮ್ಮ ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡವರು ಇದನ್ನು ಅನುಕರಿಸಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು.

ಹಾರಿಸಿದ ಹಿತ್ತಾಳೆ ಕೇಸನ್ನು ಡೈ ಎಂಬ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುವಾಗ ಲೋಹವು ಕತ್ತಿನ ಕಡೆಗೆ ಸರಿದು ಕೇಸು ಉದ್ದವಾಗುತ್ತದೆ. .308ಕ್ಕೆ ಗರಿಷ್ಠ ಉದ್ದ 2.015 ಇಂಚು, ಅದನ್ನು ಮೀರಿದರೆ ಕೇಸಿನ ಬಾಯಿ ಚೇಂಬರಿನ (ಕೋವಿಯಲ್ಲಿ ತೋಟೆ ಕೂರುವ ಕುಳಿಯ) ತುದಿಗೆ ಸಿಕ್ಕಿಕೊಂಡು ಗುಂಡನ್ನು ಬಿಗಿಹಿಡಿಯುವುದರಿಂದ ಒತ್ತಡವು ಅಪಾಯಕರ ಮಟ್ಟಕ್ಕೆ ಏರಬಹುದು. ಸಾಮಾನ್ಯವಾಗಿ 2.005 ಇಂಚಿಗೆ ಕತ್ತರಿಸುತ್ತಾರೆ. ಆದ್ದರಿಂದ ಅವರ ಬಳಿ ಇಷ್ಟು ಸೂಕ್ಷ್ಮವಾಗಿ ಉದ್ದ ಅಳೆಯುವ ಒಳ್ಳೆಯ ಕ್ಯಾಲಿಪರ್ ಇಲ್ಲದಿದ್ದರೆ ಮೊದಲು ಅದನ್ನೇ ಕೊಡಿಸಿ.

ತಿಂಗಳಿಗೆ ಐವತ್ತು-ನೂರು ಕೇಸುಗಳಷ್ಟೇ ಆದರೆ ಲೀ ಕಂಪನಿಯ ಕೈ ಟ್ರಿಮ್ಮರ್ ಸಾಕು. ಅದರ ಉದ್ದಳತೆಯ ಕಡ್ಡಿ ಕೇಸಿನ ತಳದ ರಂಧ್ರದ ಮೂಲಕ ಹಾದು ಕೇಸು ಹಿಡಿದಿರುವ ಭಾಗದ ತಳಕ್ಕೆ ತಾಗಿ ನಿಲ್ಲುವುದರಿಂದ ನಿಗದಿತ ಉದ್ದಕ್ಕಿಂತ ಹೆಚ್ಚು ಕತ್ತರಿಸಲು ಆಗುವುದೇ ಇಲ್ಲ. ಆದರೆ ಆ ಕಡ್ಡಿ ಒಂದೇ ಕ್ಯಾಲಿಬರಿಗೆ (ಒಂದೇ ಬಗೆಯ ತೋಟೆಗೆ) ಸೀಮಿತ. ಹಲವು ಕ್ಯಾಲಿಬರುಗಳಿದ್ದರೆ ಫಾರ್ಸ್ಟರ್‌ನಂತಹ, ಹಿಡಿ ತಿರುಗಿಸುವ ಪುಟ್ಟ ಲೇಥ್ ಮಾದರಿಯೇ ಉತ್ತಮವೆಂದು ನನ್ನ ಅಭಿಪ್ರಾಯ. ಸಾವಿರಗಟ್ಟಲೆ ಕೇಸುಗಳಿರುವವರಿಗೆ ಮಾತ್ರ ಮೋಟಾರಿನ ಯಂತ್ರ. ಅಂಥ ಹಲವು ಯಂತ್ರಗಳು ಕೇಸಿನ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರನ್ನು) ಆಧರಿಸಿ ಅಳೆಯುವುದರಿಂದ ಡೈಯಲ್ಲಿ ಒತ್ತಿದ ನಂತರವೇ ಕತ್ತರಿಸಬೇಕು.

ಯಾವುದನ್ನೇ ಕೊಂಡರೂ ಜೊತೆಗೆ ಚೇಂಫರ್ ಉಪಕರಣವೊಂದಿರಲಿ: ಕತ್ತರಿಸಿದ ಬಾಯಿಯಲ್ಲಿ ಉಗುರಿಗೆ ತಗಲುವಷ್ಟು ಹಿತ್ತಾಳೆಯ ಸಿಬಿರು ಉಳಿದಿರುತ್ತದೆ, ಅದನ್ನು ಒಳಗೂ ಹೊರಗೂ ತೆಗೆಯದಿದ್ದರೆ ಗುಂಡು ಕೂರಿಸುವಾಗ ಅದರ ತಾಮ್ರದ ಹೊದಿಕೆ ಗೀರುತ್ತದೆ.